ಇಳಿದ ದಿನವೇ ಕ್ರೂಗರ್ ಒಳಗೆ ಹೋಗಬಹುದೇ?

ಪ್ರಶ್ನೆ: ಮೇ ಎರಡನೇ ವಾರ ನಾನು, ಹೆಂಡತಿ, 11 ವರ್ಷದ ಮಗಳು, 68 ವರ್ಷದ ಅಮ್ಮ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದೇವೆ. ಮೈಸೂರಿನಿಂದ ಬೆಂಗಳೂರು, ಅಲ್ಲಿಂದ ದುಬೈ, ಆಮೇಲೆ ಜೊಹಾನ್ಸ್‌ಬರ್ಗ್. ವಿಮಾನ ಬೆಳಿಗ್ಗೆ 10ರ ಸುಮಾರಿಗೆ ಇಳಿಯುತ್ತದೆ. ಏರ್‌ಪೋರ್ಟಿನಲ್ಲೇ ಕಾರು ಬಾಡಿಗೆಗೆ ತೆಗೆದುಕೊಂಡು, ನಾನೇ ಓಡಿಸಿಕೊಂಡು, ಅವತ್ತೇ ಪಾರ್ಕಿನೊಳಗೆ ಉಳಿಯುವ ಸ್ಕುಕುಜಾ ಕ್ಯಾಂಪ್ ಸೇರುವ ಯೋಚನೆ. ಮ್ಯಾಪ್ ಐದು ಗಂಟೆ ಅಂತ ತೋರಿಸುತ್ತದೆ. ಆಗುತ್ತದಾ? ಫೋರ್ ವೀಲ್ ಡ್ರೈವ್ ಬೇಕಾ? ಪಾರ್ಕಿನ ಮೊದಲ ದಿನ ಹೇಗಿರಬೇಕು? ನಾವು ಸಸ್ಯಾಹಾರಿಗಳು.

ಉತ್ತರ: ಆಗುವುದಿಲ್ಲ. ಒಂದು ವೇಳೆ ಆದರೂ ಮಾಡಬೇಡಿ. ಮೊದಲ ರಾತ್ರಿಯ ಸ್ಕುಕುಜಾ ಬುಕಿಂಗ್ ಅನ್ನು ಮರುದಿನಕ್ಕೆ ಬದಲಿಸಿಕೊಳ್ಳಿ. ಅವತ್ತು ರಾತ್ರಿ ಪಾರ್ಕಿನ ಹೊರಗೆ, ಎಂಬೊಂಬೆಲಾ ಊರಿನಲ್ಲಿ ಮಲಗಿ. ಹಳೆಯ ಮ್ಯಾಪುಗಳಲ್ಲಿ ಇದೇ ನೆಲ್ಸ್‌ಪ್ರೈಟ್. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ವಿಮಾನ 10ಕ್ಕೆ ಇಳಿಯಿತು ಅಂದುಕೊಳ್ಳಿ. ಇಮಿಗ್ರೇಷನ್ ಸಾಲು, ಬ್ಯಾಗು, ಸಿಮ್ ಕಾರ್ಡು, ಕಾರಿನ ಕಾಗದಪತ್ರ ಎಲ್ಲ ಮುಗಿದು ನೀವು ರಸ್ತೆಗೆ ಬರುವಾಗ ಮಧ್ಯಾಹ್ನ 12:30. ಅಲ್ಲಿಂದ ಪಾರ್ಕಿನ ದಕ್ಷಿಣದ ಮಲೆಲೇನ್ ಗೇಟಿಗೆ ಸುಮಾರು 400 ಕಿ.ಮೀ. ಎಲ್ಲೂ ನಿಲ್ಲದಿದ್ದರೆ ನಾಲ್ಕೂವರೆ ಗಂಟೆ. ಅಂದರೆ ಸಂಜೆ 5. ಮೇ ತಿಂಗಳಲ್ಲಿ ಕ್ರೂಗರ್ ಗೇಟುಗಳು ಬೆಳಿಗ್ಗೆ 6ಕ್ಕೆ ತೆರೆದು ಸಂಜೆ 5:30ಕ್ಕೆ ಮುಚ್ಚುತ್ತವೆ. ಹಾಗಾದರೆ ಅರ್ಧ ಗಂಟೆ ಉಳಿಯಿತಲ್ಲ ಅನ್ನಬೇಡಿ. ಗೇಟಿನಿಂದ ಸ್ಕುಕುಜಾಕ್ಕೆ ಇನ್ನೂ ಸುಮಾರು 65 ಕಿ.ಮೀ. ಇದೆ. ಪಾರ್ಕಿನೊಳಗೆ ಡಾಂಬರು ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 50 ಕಿ.ಮೀ., ಮಣ್ಣಿನ ರಸ್ತೆಯಲ್ಲಿ 40. ಕ್ಯಾಂಪಿನ ಗೇಟು ಮುಚ್ಚುವುದೂ 5:30ಕ್ಕೇ. ಅಷ್ಟು ಹೊತ್ತಿಗೆ ನೀವು ಕ್ಯಾಂಪಿನೊಳಗೆ ಇರಬೇಕು, ಪಾರ್ಕಿನೊಳಗೆ ಇದ್ದರೆ ಸಾಲದು. ಬೇಗ ಸೇರೋಣ ಅಂತ 50 ಮೀರಿ ಓಡಿಸಿದರೆ ದಂಡ. ತಡವಾಗಿ ಬಂದರೂ ದಂಡ. ನಡುವೆ ಆನೆ ಹಿಂಡು ರಸ್ತೆ ದಾಟುತ್ತಿದ್ದರೆ ಅವು ದಾಟುವವರೆಗೆ ಕಾಯಲೇಬೇಕು.

ಗಡಿಯಾರದ ಲೆಕ್ಕ ಇದು. ಮೈಯ ಲೆಕ್ಕ ಇನ್ನೂ ಕಷ್ಟದ್ದು. ನೀವು ಮೈಸೂರು ಬಿಡುವುದು ಹಿಂದಿನ ದಿನ ಮಧ್ಯಾಹ್ನ. ಬೆಂಗಳೂರಿನಿಂದ ದುಬೈಗೆ ಸುಮಾರು 4 ಗಂಟೆ, ಅಲ್ಲಿ ಕಾಯುವುದು, ಆಮೇಲೆ ಜೊಹಾನ್ಸ್‌ಬರ್ಗ್‌ಗೆ ಸುಮಾರು 8 ಗಂಟೆ. ಇಡೀ ರಾತ್ರಿ ಸರಿಯಾದ ನಿದ್ದೆ ಇಲ್ಲ. ಅಲ್ಲಿನ ಸಮಯ ನಮಗಿಂತ ಮೂರೂವರೆ ಗಂಟೆ ಹಿಂದೆ. ಅವರ ಸಂಜೆ 5 ಅಂದರೆ ನಿಮ್ಮ ಮೈಗೆ ರಾತ್ರಿ 8:30. ಮೇ ತಿಂಗಳು ಅಲ್ಲಿ ಚಳಿಗಾಲದ ಶುರು. 5 ದಾಟುತ್ತಿದ್ದಂತೆ ಸೂರ್ಯ ಮುಳುಗಿ ಬೇಗ ಕತ್ತಲಾಗುತ್ತದೆ. ನಿದ್ದೆಗೆಟ್ಟ ಡ್ರೈವರ್, ಗೊತ್ತಿಲ್ಲದ ಕಾರು, ಗೊತ್ತಿಲ್ಲದ ರಸ್ತೆ, ಕತ್ತಲು. ಈ ನಾಲ್ಕೂ ಒಟ್ಟಿಗೆ ಸೇರಬಾರದು.

ಆದ್ದರಿಂದ ಇಳಿದ ದಿನವನ್ನು ಸಫಾರಿಯ ಲೆಕ್ಕಕ್ಕೆ ಸೇರಿಸಲೇಬೇಡಿ. ಅದು ಪ್ರಯಾಣದ ದಿನ. ಏರ್‌ಪೋರ್ಟಿನಿಂದ ಎಂಬೊಂಬೆಲಾಕ್ಕೆ ಸುಮಾರು 320 ಕಿ.ಮೀ. ನಡುವೆ ಎರಡು ಸಲ ನಿಂತರೂ ಬೆಳಕಿರುವಾಗಲೇ ಸೇರುತ್ತೀರಿ. ವಿಮಾನ ಎರಡು ಮೂರು ಗಂಟೆ ತಡವಾದರೆ ಇದನ್ನೂ ಬಿಟ್ಟು ಏರ್‌ಪೋರ್ಟ್ ಹತ್ತಿರವೇ ಮಲಗಿ, ಬೆಳಿಗ್ಗೆ ಹೊರಡಿ. ಅದಕ್ಕೇ ಮೊದಲ ರಾತ್ರಿಗೆ ಕಡಿಮೆ ಬೆಲೆಯ, ಕ್ಯಾನ್ಸಲ್ ಮಾಡಬಹುದಾದ ಕೋಣೆ ಹಿಡಿಯಿರಿ. ಇನ್ನೊಂದು ದಾರಿಯೂ ಇದೆ. ಜೊಹಾನ್ಸ್‌ಬರ್ಗ್‌ನಿಂದ ಎಂಬೊಂಬೆಲಾ ಬಳಿಯ ವಿಮಾನ ನಿಲ್ದಾಣಕ್ಕೋ ನೇರ ಸ್ಕುಕುಜಾಕ್ಕೋ ಸಣ್ಣ ವಿಮಾನದಲ್ಲಿ ಹಾರಿ, ಕಾರನ್ನು ಅಲ್ಲೇ ತೆಗೆದುಕೊಳ್ಳಬಹುದು. ನಾಲ್ಕು ಜನಕ್ಕೆ ಖರ್ಚು ಜಾಸ್ತಿ. ಅಮ್ಮನವರಿಗೆ ಬೆನ್ನುನೋವು, ಮಂಡಿನೋವು ಏನಾದರೂ ಇದ್ದರೆ ಆ ಹಣಕ್ಕೆ ಬೆಲೆ ಇದೆ. ಇಲ್ಲದಿದ್ದರೆ ರಸ್ತೆಯೇ ಚೆನ್ನ.

ದುಬೈ ಮಾರ್ಗ ಹಿಡಿದದ್ದು ಒಳ್ಳೆಯದಾಯಿತು. ಟಿಕೆಟ್ ಅಗ್ಗ ಅಂತ ಅಡಿಸ್ ಅಬಾಬಾ ಅಥವಾ ನೈರೋಬಿ ಕಡೆಗೆ ಬದಲಿಸುವ ಮುಂಚೆ ಒಂದು ಸಂಗತಿ ನೋಡಿಕೊಳ್ಳಿ. ಆ ದೇಶಗಳು ಹಳದಿ ಜ್ವರದ ಪಟ್ಟಿಯಲ್ಲಿವೆ. ಅಲ್ಲಿನ ಏರ್‌ಪೋರ್ಟಿನಲ್ಲಿ 12 ಗಂಟೆಗಿಂತ ಜಾಸ್ತಿ ಕಾದರೆ ದಕ್ಷಿಣ ಆಫ್ರಿಕಾದವರು ಲಸಿಕೆಯ ಸರ್ಟಿಫಿಕೇಟ್ ಕೇಳುತ್ತಾರೆ. ಅಲ್ಲಿ ಊರೊಳಗೆ ಹೋಗಿ ಬಂದರಂತೂ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲೂ ಕೇಳುತ್ತಾರೆ. ಲಸಿಕೆ ಹಾಕಿಸಿದ 10 ದಿನದ ನಂತರವೇ ಆ ಸರ್ಟಿಫಿಕೇಟಿಗೆ ಬೆಲೆ. 60 ದಾಟಿದವರಿಗೆ ಈ ಲಸಿಕೆಯನ್ನು ಡಾಕ್ಟರು ಯೋಚಿಸಿಯೇ ಕೊಡುತ್ತಾರೆ. ಅಮ್ಮನವರನ್ನು ಆ ಗೊಂದಲಕ್ಕೆ ಯಾಕೆ ಸಿಕ್ಕಿಸಬೇಕು? ಮಲೇರಿಯಾದ ವಿಷಯ ಬೇರೆ. ಕ್ರೂಗರ್ ಮಲೇರಿಯಾ ಇರುವ ಪ್ರದೇಶ. ಮೇ ಹೊತ್ತಿಗೆ ಸೊಳ್ಳೆ ಕಡಿಮೆಯಾಗುತ್ತ ಬಂದಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ಮಾತ್ರೆ ಬೇಕೋ ಬೇಡವೋ ಅಂತ ನಿಮ್ಮ ಡಾಕ್ಟರನ್ನು ಕೇಳಿ. ವಾಪಸ್ ಬಂದ ಮೇಲೆ ಯಾರಿಗಾದರೂ ಜ್ವರ ಬಂದರೆ ಕ್ರೂಗರ್‌ಗೆ ಹೋಗಿದ್ದನ್ನು ಮೊದಲ ಮಾತಿಗೇ ಹೇಳಿ.

ವೀಸಾ ಬೇಕೇ ಬೇಕು, ಬೇಗ ಅರ್ಜಿ ಹಾಕಿ. ಮಗಳ ಜನನ ಪ್ರಮಾಣಪತ್ರದಲ್ಲಿ ಇಬ್ಬರ ಹೆಸರೂ ಇರಲಿ. ಅದರ ಇಂಗ್ಲಿಷ್ ಪ್ರತಿ ಕೈಚೀಲದಲ್ಲೇ ಇರಲಿ.

ಈಗ ಕಾರು. ಫೋರ್ ವೀಲ್ ಡ್ರೈವ್ ಬೇಡ. ಕ್ರೂಗರ್‌ನ ಮುಖ್ಯ ರಸ್ತೆಗಳೆಲ್ಲ ಡಾಂಬರು, ಅದೂ ಒಳ್ಳೆಯ ಡಾಂಬರು. ಮಣ್ಣಿನ ರಸ್ತೆಗಳೂ ಒಣಗಿದ ಕಾಲದಲ್ಲಿ ಸಾಮಾನ್ಯ ಕಾರಿಗೆ ತೊಂದರೆ ಕೊಡುವುದಿಲ್ಲ. ಅಲ್ಲಿನ ಜನ ಸಣ್ಣ ಹ್ಯಾಚ್‌ಬ್ಯಾಕಿನಲ್ಲೇ ಸುತ್ತುತ್ತಾರೆ. ಆದರೆ ನೀವು ನಾಲ್ಕು ಜನ, ನಾಲ್ಕು ಸೂಟ್‌ಕೇಸು. ಸಾಮಾನೆಲ್ಲ ಡಿಕ್ಕಿಯೊಳಗೆ ಮುಚ್ಚಿಹೋಗಬೇಕು, ಸೀಟಿನ ಮೇಲೆ ಕಾಣಬಾರದು. ಅದಕ್ಕಾಗಿ ಒಂದು ಸಾಧಾರಣ ಎಸ್‌ಯುವಿ ತೆಗೆದುಕೊಳ್ಳಿ. ಸೀಟು ಸ್ವಲ್ಪ ಎತ್ತರವಿದ್ದರೆ ಹುಲ್ಲಿನಾಚೆಗೂ ಕಾಣುತ್ತದೆ, ಹಿಂದೆ ಕೂತ ಅಜ್ಜಿ ಮೊಮ್ಮಗಳಿಗೂ ಅನುಕೂಲ. ನಮ್ಮ ಬಿಡದಿಯಲ್ಲಿ ತಯಾರಾದ ಗ್ರ್ಯಾಂಡ್ ವಿಟಾರಾ ಆ ದೇಶದಲ್ಲೂ ಮಾರಾಟವಾಗುತ್ತದೆ. ಅದೇ ಸಿಕ್ಕರೆ ಮೈಸೂರು ರಸ್ತೆಯ ಕಾರನ್ನೇ ಆಫ್ರಿಕಾದಲ್ಲಿ ಓಡಿಸಬಹುದು!

ಆಟೊಮ್ಯಾಟಿಕ್ ಗೇರ್ ಕೇಳಿ. ನಿಮ್ಮ ಹೆಂಡತಿಗೆ ಡ್ರೈವಿಂಗ್ ಬಂದರೆ ಅವರ ಹೆಸರನ್ನೂ ಎರಡನೇ ಡ್ರೈವರ್ ಅಂತ ಬರೆಸಿ. ಇದಕ್ಕೆ ಕೊಡುವ ಹಣ ವ್ಯರ್ಥವಲ್ಲ. ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಿ. ಆರ್‌ಟಿಒದಲ್ಲಿ ಫಾರಂ 4ಎ ತುಂಬಬೇಕು. ಒಂದು ವರ್ಷ ನಡೆಯುತ್ತದೆ. ಕ್ರೆಡಿಟ್ ಕಾರ್ಡು ಮುಖ್ಯ ಡ್ರೈವರ್ ಹೆಸರಿನಲ್ಲೇ ಇರಬೇಕು. ಡೆಪಾಸಿಟ್ ಅಂತ ದೊಡ್ಡ ಮೊತ್ತವನ್ನೇ ತಡೆದಿಡುತ್ತಾರೆ. ಇನ್ಶೂರೆನ್ಸ್ ಕಾಗದದಲ್ಲಿ ‘ಎಕ್ಸೆಸ್’ ಅಂತ ಒಂದು ಅಂಕಿ ಇರುತ್ತದೆ. ಏನಾದರೂ ಆದರೆ ಅಷ್ಟು ನಿಮ್ಮ ಜೇಬಿನಿಂದ. ಅದು ಎಷ್ಟು, ಟೈರು ಮತ್ತು ಗಾಜು ಅದರಲ್ಲಿ ಸೇರಿದೆಯೋ ಇಲ್ಲವೋ ಕೇಳಿ. ಪಾರ್ಕಿನ ರಸ್ತೆಯಲ್ಲಿ ಹಾಳಾಗುವುದು ಹೆಚ್ಚಾಗಿ ಅವೇ. ಕಾರನ್ನು ಸುತ್ತ ವಿಡಿಯೊ ಮಾಡಿ. ಸ್ಟೆಪ್ನಿ ಮತ್ತು ಜ್ಯಾಕ್ ಇದೆಯಾ ನೋಡಿ. ಆಮೇಲೆ ಪಾರ್ಕಿಂಗ್ ಜಾಗದಲ್ಲೇ ಹತ್ತು ನಿಮಿಷ ಓಡಿಸಿ. ರಿವರ್ಸ್ ಹೋಗುವುದನ್ನು ಸರಿಯಾಗಿ ಅಭ್ಯಾಸ ಮಾಡಿ. ಇದು ಯಾಕೆ ಅಂತ ಮುಂದೆ ಹೇಳುತ್ತೇನೆ.

ರಸ್ತೆ ಸುಲಭ. ನಮ್ಮ ಹಾಗೆ ಎಡಗಡೆಯೇ ಓಡಿಸುತ್ತಾರೆ. ಏರ್‌ಪೋರ್ಟಿನಿಂದ ಎನ್12 ಹೆದ್ದಾರಿ ಹಿಡಿದು ಎಮಾಲಹ್ಲೇನಿವರೆಗೆ, ಅಲ್ಲಿಂದ ಎನ್4. ಆ ಎನ್4 ಮೊಜಾಂಬಿಕ್‌ನ ಮಾಪುಟೊ ಬಂದರಿಗೆ ಹೋಗುವ ದಾರಿ, ಹಾಗಾಗಿ ಲಾರಿಗಳು ಬಹಳ. ಹೆದ್ದಾರಿಯಲ್ಲಿ 120 ಮಿತಿ, ಕ್ಯಾಮೆರಾಗಳಿವೆ. ಮೊದಲ ಇನ್ನೂರು ಕಿ.ಮೀ. ಕಲ್ಲಿದ್ದಲ ಗಣಿ, ವಿದ್ಯುತ್ ಸ್ಥಾವರ, ಮುಸುಕಿನ ಜೋಳದ ಹೊಲ, ನೇರ ರಸ್ತೆ. ನೋಡಲು ಏನೂ ಇಲ್ಲ. ನಿದ್ದೆ ಬರುವುದು ಅಲ್ಲೇ. ಮಿಡ್ಲ್‌ಬರ್ಗ್ ದಾಟಿದ ಮೇಲೆ ಆಲ್ಜು ಪೆಟ್ರೋಪೋರ್ಟ್ ಅನ್ನುವ ಪೆಟ್ರೋಲ್ ಬಂಕ್ ಸಿಗುತ್ತದೆ. ನಿಮಗೆ ಬೇಡವೆನಿಸಿದರೂ ಅಲ್ಲಿ ನಿಲ್ಲಿಸಿ. ಹಿಂಬದಿಯ ಬೇಲಿಯಾಚೆ ಘೇಂಡಾಮೃಗ, ಆಫ್ರಿಕಾದ ಕಾಡೆಮ್ಮೆಗಳು ಮೇಯುತ್ತಿರುತ್ತವೆ. ಕಾಫಿ ಕುಡಿಯುತ್ತ ನೋಡಬಹುದು. ಮಗಳಿಗೆ ಪ್ರಯಾಣದ ದಿನವೂ ಖಾಲಿ ಹೋಗುವುದಿಲ್ಲ.

ಮಚಾಡೊಡಾರ್ಪ್ ದಾಟಿದ ಮೇಲೆ ಪ್ರಸ್ಥಭೂಮಿ ಮುಗಿದು ರಸ್ತೆ ಕೆಳಗೆ ಇಳಿಯುತ್ತದೆ. ಒಂದು ಕವಲು ಎಲಾಂಡ್ಸ್ ಕಣಿವೆಯಲ್ಲಿ, ಇನ್ನೊಂದು ಸ್ಕೂಮನ್ಸ್‌ಕ್ಲೂಫ್‌ನಲ್ಲಿ. ಎರಡೂ ಮುಂದೆ ಸೇರುತ್ತವೆ. ತಿರುವುಗಳಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡರೆ ತಾಳ್ಮೆ ಇರಲಿ. ಅಲ್ಲಿ ಒಂದು ಒಳ್ಳೆಯ ರೂಢಿ ಇದೆ. ನಿಧಾನ ಹೋಗುವವರು ಎಡಗಡೆ ಹಳದಿ ಗೆರೆ ದಾಟಿ ಅಂಚಿಗೆ ಸರಿದು ದಾರಿ ಕೊಡುತ್ತಾರೆ. ಹಿಂದಿಕ್ಕಿದವರು ಎರಡೂ ಇಂಡಿಕೇಟರ್ ಮಿಣುಕಿಸಿ ಥ್ಯಾಂಕ್ಸ್ ಹೇಳುತ್ತಾರೆ. ದಾರಿ ಕೊಟ್ಟವರು ಹೆಡ್‌ಲೈಟ್ ಮಿಣುಕಿಸಿ ಪರವಾಗಿಲ್ಲ ಅನ್ನುತ್ತಾರೆ. ಹಾರ್ನ್ ಯಾರೂ ಹೊಡೆಯುವುದಿಲ್ಲ. ಊರುಗಳಲ್ಲಿ ‘ನಾಲ್ಕು ಕಡೆ ಸ್ಟಾಪ್’ ಇರುವ ವೃತ್ತ ಬಂದರೆ ಪೂರ್ತಿ ನಿಲ್ಲಿ. ಮೊದಲು ಬಂದವರು ಮೊದಲು ಹೋಗುತ್ತಾರೆ. ನಮಗೆ ಇದೇ ಎಲ್ಲಕ್ಕಿಂತ ಕಷ್ಟ. ಟೋಲ್‌ಗೆ ಸ್ವಲ್ಪ ರಾಂಡ್ (ಅಲ್ಲಿನ ಹಣ) ನೋಟು ಕೈಯಲ್ಲಿರಲಿ. ಬಂಕಿನಲ್ಲಿ ಹುಡುಗರೇ ಪೆಟ್ರೋಲ್ ಹಾಕಿ ಗಾಜು ಒರೆಸುತ್ತಾರೆ. ಐದು ಹತ್ತು ರಾಂಡ್ ಕೊಟ್ಟರೆ ಸಾಕು.

ಒಂದು ಎಚ್ಚರಿಕೆ. ಮರುದಿನ ಬೆಳಿಗ್ಗೆ ಎಂಬೊಂಬೆಲಾದಿಂದ ಹೊರಡುವಾಗ ಫೋನಿನ ಮ್ಯಾಪ್ ನಿಮ್ಮನ್ನು ನುಂಬಿ ಗೇಟಿನ ಕಡೆಗೆ ಎಳೆಯಬಹುದು, ಹತ್ತಿರ ಅಂತ. ಹೋಗಬೇಡಿ. 2022ರ ಅಕ್ಟೋಬರ್‌ನಲ್ಲಿ ಆ ಗೇಟಿನ ದಾರಿಯಲ್ಲಿ ಜರ್ಮನಿಯ ಪ್ರವಾಸಿಯೊಬ್ಬರನ್ನು ದರೋಡೆಕೋರರು ಗುಂಡಿಟ್ಟು ಕೊಂದರು. ನೀವು ಎನ್4 ಬಿಡದೆ ನೇರ ಮಲೆಲೇನ್‌ಗೆ ಹೋಗಿ. ಹೆದರಿಸಲು ಹೇಳುತ್ತಿಲ್ಲ. ಪ್ರತಿವರ್ಷ ಲಕ್ಷಾಂತರ ಜನ ಕ್ರೂಗರ್‌ಗೆ ಹೋಗಿ ಸುಖವಾಗಿ ಬರುತ್ತಾರೆ. ಹಗಲಲ್ಲಿ, ದೊಡ್ಡ ರಸ್ತೆಯಲ್ಲಿ, ಬಾಗಿಲು ಲಾಕ್ ಮಾಡಿಕೊಂಡು ಹೋಗಿ ಅಷ್ಟೆ.

ಎಂಬೊಂಬೆಲಾದಲ್ಲಿ ಸಂಜೆ ಒಂದೇ ಕೆಲಸ, ದಿನಸಿ. ಸ್ಕುಕುಜಾದ ಕಾಟೇಜುಗಳಲ್ಲಿ ಫ್ರಿಜ್ ಇರುತ್ತದೆ, ಹಲವುದರಲ್ಲಿ ಒಲೆ ಪಾತ್ರೆಯೂ ಇರುತ್ತವೆ. ಬುಕ್ ಮಾಡುವಾಗ ಅಂಥದ್ದನ್ನೇ ಆರಿಸಿ. ಕ್ಯಾಂಪಿನ ಹೋಟೆಲುಗಳಲ್ಲಿ ಸಸ್ಯಾಹಾರ ಅಂದರೆ ಸ್ಯಾಂಡ್‌ವಿಚ್, ಚಿಪ್ಸ್, ಪೀಟ್ಜಾ. ಎರಡನೇ ದಿನಕ್ಕೇ ಬೇಸರ ಬರುತ್ತದೆ. ಅಕ್ಕಿ, ತರಕಾರಿ, ಹಣ್ಣು, ಬ್ರೆಡ್ಡು ಎಂಬೊಂಬೆಲಾದ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತವೆ. ‘ಅಮಾಸಿ’ ಅಂತ ಬಾಟಲಿಯಲ್ಲಿ ಹುಳಿ ಹಾಲು ಮಾರುತ್ತಾರೆ, ಮೊಸರನ್ನಕ್ಕೆ ಚೆನ್ನಾಗಿ ಒಗ್ಗುತ್ತದೆ. ಮನೆಯಿಂದ ಸೀಲ್ ಆದ ಪುಳಿಯೋಗರೆ ಗೊಜ್ಜು, ಸಾಂಬಾರ್ ಪುಡಿ ಒಯ್ಯಿರಿ. ತುಪ್ಪ, ಜೇನು, ಬಿತ್ತನೆ ಬೀಜದಂಥವು ಬೇಡ, ಕಸ್ಟಮ್ಸ್‌ನಲ್ಲಿ ಕಿರಿಕಿರಿ. ಇನ್ನೊಂದು ತಮಾಷೆ. ಅಲ್ಲಿನ ಗೋಡೆಯ ಪ್ಲಗ್ ನಮ್ಮ ಗೀಸರ್, ಎಸಿಗೆ ಹಾಕುವ ದಪ್ಪ ಮೂರು ಪಿನ್ನಿನದೇ. ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಅದಕ್ಕೆ ಹೊಂದುವ ಕನ್ವರ್ಟರ್ ಸಿಗುತ್ತದೆ.

ರಾತ್ರಿ 8ಕ್ಕೆಲ್ಲ ಮಲಗಿಬಿಡಿ.

ಬೆಳಿಗ್ಗೆ ಗೇಟು ತೆರೆಯುವ 6 ಗಂಟೆಗೇ ಅಲ್ಲಿರಬೇಕು ಅನ್ನುವ ಹಟ ಮೊದಲ ದಿನ ಬೇಡ. ಬೆಳಕು ಹರಿದ ಮೇಲೆ ಹೊರಟರೆ ಒಂದು ಗಂಟೆಯಲ್ಲಿ ಮಲೆಲೇನ್. ಚಳಿಗಾಲದಲ್ಲಿ ಪ್ರಾಣಿಗಳು ಬೆಳಿಗ್ಗೆ ಸ್ವಲ್ಪ ಹೊತ್ತು ಜಾಸ್ತಿಯೇ ಓಡಾಡುತ್ತಿರುತ್ತವೆ. ಗೇಟಿಗೆ ಮುಂಚೆ ಟ್ಯಾಂಕ್ ತುಂಬಿಸಿ. ಪಾಸ್‌ಪೋರ್ಟ್, ಬುಕಿಂಗ್ ಪತ್ರ ಸುಲಭವಾಗಿ ಸಿಗುವ ಹಾಗಿರಲಿ. ಪ್ರವೇಶ ಶುಲ್ಕ ತಲೆಗೆ, ದಿನಕ್ಕೆ ಲೆಕ್ಕ. ವಿದೇಶಿಯರಿಗೆ ಜಾಸ್ತಿ, ವರ್ಷವರ್ಷ ಏರುತ್ತದೆ. ಒಂದು ವಾರ ಇರುವುದಾದರೆ ‘ವೈಲ್ಡ್ ಕಾರ್ಡ್’ ಅನ್ನುವ ವಾರ್ಷಿಕ ಪಾಸು ಅಗ್ಗವಾಗುತ್ತದಾ ಲೆಕ್ಕ ಹಾಕಿ. ಮೊದಲು ಸಿಗುವ ಅಂಗಡಿಯಲ್ಲಿ ಪ್ರಾಣಿ ಚಿತ್ರವಿರುವ ಮ್ಯಾಪ್ ಪುಸ್ತಕ ಕೊಂಡು ಮಗಳ ಕೈಗೆ ಕೊಡಿ. ದಾರಿ ಹೇಳುವ ಕೆಲಸ ಅವಳದು. ಕ್ಯಾಂಪುಗಳಿಂದ ದೂರ ಹೋದರೆ ಫೋನಿಗೆ ಸಿಗ್ನಲ್ ಇರುವುದಿಲ್ಲ.

ಈಗ ನಿಜವಾದ ವಿಷಯ. ಕಬಿನಿ, ಬಂಡೀಪುರದಲ್ಲಿ ನಾವು ಜೀಪಿನಲ್ಲಿ ಸುಮ್ನೆ ಕೂತಿರುತ್ತೇವೆ. ಎಲ್ಲಿ ಹೋಗಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಲ್ಲ ಡ್ರೈವರ್ ನೋಡಿಕೊಳ್ಳುತ್ತಾನೆ. ಮೂರು ಗಂಟೆ ಮುಗಿದರೆ ಹೊರಗೆ. ಆ ಅಭ್ಯಾಸದಲ್ಲಿ ಕ್ರೂಗರ್‌ಗೆ ಹೋದವರು ಮೊದಲ ದಿನ ಏನು ಮಾಡುತ್ತಾರೆ ಗೊತ್ತಾ? ಮ್ಯಾಪ್ ನೋಡಿ ಇನ್ನೂರು ಕಿ.ಮೀ. ಸುತ್ತುತ್ತಾರೆ. ಪಾರ್ಕು ಉತ್ತರ ದಕ್ಷಿಣ ಸುಮಾರು 360 ಕಿ.ಮೀ. ಉದ್ದ, ವಿಸ್ತೀರ್ಣ 19 ಸಾವಿರ ಚದರ ಕಿ.ಮೀ. ಮೀರುತ್ತದೆ. ಅದನ್ನು ಸುತ್ತಿ ಮುಗಿಸಲು ಆಗುವುದಿಲ್ಲ. ನಿಲ್ಲುತ್ತ ಹೋದರೆ ಗಂಟೆಗೆ 20ರಿಂದ 25 ಕಿ.ಮೀ. ಸಾಗಿದರೆ ಹೆಚ್ಚು. ನಿಮಗೆ ಮೊದಲ ದಿನ ಮಲೆಲೇನ್‌ನಿಂದ ಸ್ಕುಕುಜಾಕ್ಕೆ ಹೋಗುವ ಎಚ್3 ರಸ್ತೆ ಒಂದೇ ಸಾಕು. ಅದಕ್ಕೇ ಮಧ್ಯಾಹ್ನ 2 ಆಗುತ್ತದೆ. ಕ್ಯಾಂಪಿನ ಕೋಣೆ ಕೊಡುವುದೂ ಆಗಲೇ.

ಕಾರಿನಿಂದ ಇಳಿಯುವಂತಿಲ್ಲ. ಬೋರ್ಡ್ ಇರುವ ಜಾಗಗಳಲ್ಲಿ ಮಾತ್ರ ಇಳಿಯಬಹುದು. ಕಿಟಕಿಯಿಂದ ಕೈ ತಲೆ ಹೊರಗೆ ಚಾಚುವುದೂ, ಸನ್‌ರೂಫಿನಲ್ಲಿ ನಿಲ್ಲುವುದೂ ತಪ್ಪು. ಹಾಗಾಗಿ ಯಾರೂ ಬರೆಯದ ಆದರೆ ಎಲ್ಲರಿಗೂ ಬೇಕಾದ ವಿಷಯ, ಟಾಯ್ಲೆಟ್. ಗೇಟಿನಲ್ಲಿ ಒಮ್ಮೆ ಹೋಗಿ. ಗೇಟಿನ ಹತ್ತಿರವೇ ಬರ್ಗ್-ಎನ್-ದಾಲ್ ಕ್ಯಾಂಪ್ ಇದೆ, ಅಲ್ಲಿ ತಿರುಗಿಸಿ ತಿಂಡಿ ತಿನ್ನಿ. ಅಲ್ಲಿಂದ ಮುಂದೆ ಎಚ್3ರಲ್ಲೇ ಅಫ್ಸಾಲ್ ಪಿಕ್ನಿಕ್ ಜಾಗ. ಅದಾದ ಮೇಲೆ ಸ್ಕುಕುಜಾ. ಅಮ್ಮನವರಿಗೆ ಮೊದಲೇ ಇದನ್ನು ಹೇಳಿಬಿಡಿ. ಇಲ್ಲದಿದ್ದರೆ ಅವರು ಹೆದರಿ ನೀರೇ ಕುಡಿಯುವುದಿಲ್ಲ. ಅಫ್ಸಾಲ್‌ನಲ್ಲಿ ಮಂಗಗಳು ತಟ್ಟೆಯಿಂದಲೇ ಎತ್ತಿಕೊಂಡು ಹೋಗುತ್ತವೆ. ಸ್ಕುಕುಜಾದ ಕೋಣೆಯಲ್ಲಿ ಫ್ರಿಜ್ ಜಗಲಿಯಲ್ಲಿದ್ದರೆ ಚಿಲಕ ಹಾಕಲೇಬೇಕು, ಅವಕ್ಕೆ ತೆರೆಯಲು ಬರುತ್ತದೆ.

ಒಳಗೆ ಹೋದ ಹತ್ತು ನಿಮಿಷದಲ್ಲಿ ಇಂಪಾಲ ಕಾಣುತ್ತವೆ. ಜಿಂಕೆಯ ಗಾತ್ರದ, ಕಂದು ಬಣ್ಣದ ಪ್ರಾಣಿ. ಕ್ರೂಗರ್‌ನಲ್ಲಿ ಇವು ಲಕ್ಷ ಮೀರಿವೆ. ಮೊದಲ ಹಿಂಡಿಗೆ ಅರ್ಧ ಗಂಟೆ ನಿಲ್ಲುತ್ತೀರಿ, ಐದನೆಯದಕ್ಕೆ ನಿಲ್ಲುವುದೇ ಇಲ್ಲ. ಆದರೆ ನೋಡುವುದನ್ನು ಬಿಡಬೇಡಿ. ಹಿಂಡೆಲ್ಲ ಮೇಯುವುದು ಬಿಟ್ಟು ಒಂದೇ ಕಡೆ ದಿಟ್ಟಿಸುತ್ತ ಮೂಗಿನಿಂದ ಫುಸ್ ಅನ್ನುತ್ತಿದ್ದರೆ ಅಲ್ಲಿ ಏನೋ ಇದೆ. ಇಂಜಿನ್ ಆಫ್ ಮಾಡಿ ಕಾಯಿರಿ. ಮರದ ತುಂಬ ರಣಹದ್ದು ಕೂತಿದ್ದರೂ ಹಾಗೇ. ಎದುರಿನ ಕಾರಿನವರನ್ನು ಗಾಜಿಳಿಸಿ ಕೇಳುವುದು ಅಲ್ಲಿ ಸಹಜ, ಸಂಕೋಚ ಬೇಡ. ಸಿಂಹ ಹಗಲಿಡೀ ನೆರಳಲ್ಲಿ ಬಿದ್ದುಕೊಂಡಿರುತ್ತದೆ. ನಿಂತ ಕಾರುಗಳ ಸಾಲು ಕಂಡರೆ ಹತ್ತಕ್ಕೆ ಏಳು ಸಲ ಸಿಂಹ ಅಥವಾ ಚಿರತೆ ಅನ್ನುವುದು ನನ್ನ ಅಂದಾಜು. ಮೊದಲ ದಿನ ಎರಡೂ ಕಾಣದಿದ್ದರೆ ಬೇಜಾರು ಬೇಡ. ಜಿರಾಫೆ, ಜೀಬ್ರಾ, ಸುರುಳಿ ಕೊಂಬಿನ ‘ಕೂಡು’, ಕಾಡುಹಂದಿಯ ಬಳಗದ ವಾರ್ಟ್‌ಹಾಗ್ ಇವೆಲ್ಲ ಸಿಗುತ್ತವೆ. ಒಣ ಕೊಂಬೆಯ ಮೇಲೆ ನೇರಳೆ ಎದೆಯ, ನೀಲಿ ರೆಕ್ಕೆಯ ಹಕ್ಕಿ ಕೂತಿದ್ದರೆ ಮಗಳಿಗೆ ತೋರಿಸಿ. ಅದು ನಮ್ಮ ರಾಜ್ಯ ಪಕ್ಷಿ ನೀಲಕಂಠದ ದಾಯಾದಿ.

ನಾನು ನಿಜವಾಗಿ ಎಚ್ಚರ ಹೇಳುವುದು ಆನೆಗೆ. ಸಿಂಹ ಕಾರನ್ನು ತಿರುಗಿಯೂ ನೋಡುವುದಿಲ್ಲ. ಆನೆ ನೋಡುತ್ತದೆ. ಪಾರ್ಕಿನಲ್ಲಿ 20 ಸಾವಿರಕ್ಕೂ ಹೆಚ್ಚು ಆನೆಗಳಿವೆ, ಮೊದಲ ದಿನವೇ ಎದುರಾಗುತ್ತವೆ. ಗಂಡಾನೆ ಆರು ಟನ್ ತನಕ ತೂಗುತ್ತದೆ. ಹಿಂಡು ದಾಟುತ್ತಿದ್ದರೆ ದೂರದಲ್ಲೇ ನಿಲ್ಲಿ. ತಾಯಿ ಮತ್ತು ಮರಿಯ ನಡುವೆ ಕಾರು ಹೋಗಲೇಬಾರದು. ಕಣ್ಣು ಕಿವಿಯ ನಡುವೆ ಒದ್ದೆ ಗೆರೆ ಕಂಡ ಕೂಡಲೇ ನಾವು ಮದ ಅನ್ನುತ್ತೇವೆ. ಆಫ್ರಿಕಾದಲ್ಲಿ ಹೆಣ್ಣಾನೆಗಳಿಗೂ ಅಲ್ಲಿ ಒಸರುತ್ತದೆ, ಅದೊಂದನ್ನೇ ನಂಬಬೇಡಿ. ಗಂಡಾನೆಯ ಹಿಂಗಾಲಿನ ಒಳಬದಿ ತೊಟ್ಟಿಕ್ಕಿದ ಮೂತ್ರದಿಂದ ಒದ್ದೆಯಾಗಿದ್ದು, ತಲೆ ಎತ್ತಿ ರಸ್ತೆಯ ಮಧ್ಯೆ ಬರುತ್ತಿದ್ದರೆ ಅದು ಮದ. ಆಗ ಎದುರು ನಿಂತು ಫೋಟೊ ತೆಗೆಯುವುದಲ್ಲ. ಇಂಜಿನ್ ಆಫ್ ಮಾಡದೆ, ಹಾರ್ನ್ ಹೊಡೆಯದೆ, ನಿಧಾನವಾಗಿ ರಿವರ್ಸ್. ಪಾರ್ಕಿಂಗ್‌ನಲ್ಲಿ ಅಭ್ಯಾಸ ಮಾಡಿ ಅಂದಿದ್ದು ಇದಕ್ಕೇ. ಹಿಂದೆ ಬೇರೆ ಕಾರು ಅಂಟಿಕೊಂಡಿದ್ದರೆ ಹಿಂದೆ ಸರಿಯಲು ಜಾಗವಿರುವುದಿಲ್ಲ. ಹಾಗಾಗಿ ಆನೆ ಇರುವ ಕಡೆ ಕಾರುಗಳ ಗುಂಪಿನ ಮಧ್ಯೆ ನುಗ್ಗಬೇಡಿ.

ಘೇಂಡಾಮೃಗ ಕಂಡರೆ ಎಷ್ಟು ಬೇಕಾದರೂ ನೋಡಿ, ಫೋಟೊ ತೆಗೆಯಿರಿ. ಜಾಗದ ಹೆಸರು ಹಾಕಿ ಫೇಸ್‌ಬುಕ್ ವಾಟ್ಸಾಪಿಗೆ ಹಾಕಬೇಡಿ. ಕೊಂಬಿಗಾಗಿ ಕೊಲ್ಲುವವರು ಅದನ್ನೂ ನೋಡುತ್ತಾರೆ. ಡ್ರೋನ್ ಒಯ್ಯಲೇಬೇಡಿ, ನಿಷೇಧವಿದೆ.

2ಕ್ಕೆ ಸ್ಕುಕುಜಾ ಸೇರಿ, ಅನ್ನ ಮಾಡಿಕೊಂಡು ಉಂಡು, ಎಲ್ಲರೂ ಒಂದು ಗಂಟೆ ಮಲಗಿ. ಸಂಜೆಗೆ ನೀವು ಕಾರು ಮುಟ್ಟಬೇಡಿ. ಪಾರ್ಕಿನವರದೇ ‘ಸನ್‌ಸೆಟ್ ಡ್ರೈವ್’ ಇದೆ. ತೆರೆದ ದೊಡ್ಡ ಗಾಡಿ, ಗೈಡ್ ಓಡಿಸುತ್ತಾರೆ. ಗೇಟು ಮುಚ್ಚುವ ಮುಂಚೆ ಹೊರಟು ಕತ್ತಲಾದ ಮೇಲೆ ವಾಪಸ್. ನಿಮ್ಮ ಕಾರಿನಲ್ಲಿ ರಾತ್ರಿ ಓಡಾಡುವಂತಿಲ್ಲ, ಹಾಗಾಗಿ ಕತ್ತಲ ಕಾಡು ನೋಡಲು ಇದೇ ದಾರಿ. 6 ವರ್ಷ ದಾಟಿದ ಮಕ್ಕಳನ್ನು ಸೇರಿಸುತ್ತಾರೆ, ಮಗಳಿಗೆ ತೊಂದರೆಯಿಲ್ಲ. ಅಮ್ಮನವರಿಗೆ ಮೆಟ್ಟಿಲು ಎತ್ತರ ಅನ್ನಿಸಿದರೆ ಅವರು ಕ್ಯಾಂಪಿನಲ್ಲೇ ಸಾಬಿ ನದಿ ದಂಡೆಯ ಬೆಂಚಿನಲ್ಲಿ ಕೂರಲಿ. ಆನೆ, ನೀರಾನೆ ಅಲ್ಲಿಂದಲೇ ಕಾಣುವುದುಂಟು. ಸೀಟು ಬೇಗ ತುಂಬುತ್ತವೆ, ಕೋಣೆಯ ತಾರೀಖು ಬದಲಿಸುವಾಗಲೇ ಇದನ್ನೂ ಬುಕ್ ಮಾಡಿ. ತೆರೆದ ಗಾಡಿಯಲ್ಲಿ ಮೇ ತಿಂಗಳ ಸಂಜೆ ಗಾಳಿ ಕೊರೆಯುತ್ತದೆ. ಎಲ್ಲರಿಗೂ ಸ್ವೆಟರ್, ಟೋಪಿ ಬೇಕು. ಆಫ್ರಿಕಾ ಅಂದರೆ ಸೆಕೆ ಅಂತ ಹತ್ತಿ ಅಂಗಿ ಮಾತ್ರ ತುಂಬಿಕೊಂಡು ಹೋಗಬೇಡಿ.